ಗೇಟಿನಾಚೆ ಕುಳಿತ ಅಕ್ಕೋರು

ಜೋಳದ ಹಿಟ್ಟನ್ನು ನೀರಿಗೆ ಕದಡಿ ಕುದಿಸಿದಾಗ ಏಳುವ ಬಿಸಿ, ತುಸು ಹುಳಿ ವಾಸನೆ ನನಗೆ ಬಾಲ್ಯದ ಜೂನ್ ತಿಂಗಳ ವಾಸನೆ. ಶಾಲೆ ಶುರುವಾಗುವ ಮುಂಚೆ ಅವ್ವ ಆ ಅಂಟಿನಿಂದಲೇ ನಮ್ಮ ಹಳೆಯ ಪುಸ್ತಕಗಳ ಕಿತ್ತ ಹಾಳೆಗಳನ್ನು ಕೂಡಿಸುತ್ತಿದ್ದಳು. ಅರವತ್ತು ವರ್ಷಗಳ ಮೇಲೆ ಅದೇ ವಾಸನೆ ಯಲಬುರ್ಗಾ ಸೀಮೆಯ ಒಂದು ಸರಕಾರಿ ಶಾಲೆಯಲ್ಲಿ ಎದುರಾಗುತ್ತದೆ. ಮಾರ್ಚ್ ತಿಂಗಳು, ಬೆಳಗಿನ ಆರು ಗಂಟೆ. ಬಿಸಿಯೂಟದ ಒಲೆಯ ಮೇಲೆ ಸಣ್ಣ ಡಬರಿಯಲ್ಲಿ ಅಂಟು ಕುದಿಯುತ್ತಿದೆ. ಖುರ್ಷಿದಾ ನದಾಫ ಕಟ್ಟೆಯ ಮೇಲೆ ಕುಳಿತು ಬೀಜದ ಪೊಟ್ಟಣ, ಸೋಪಿನ ಹೊದಿಕೆ, ಹಳೆಯ ಲಗ್ನಪತ್ರಿಕೆಗಳಿಂದ ಒಂದೊಂದೇ ಪದ ಕತ್ತರಿಸಿ ರಟ್ಟಿಗೆ ಅಂಟಿಸುತ್ತಿದ್ದಾರೆ.

“ಪುಸ್ತಕದಾಗಿನ ಅಕ್ಷರ ಕಂಡ್ರ ಕೆಲವು ಹುಡುಗರು ಹೆದರ್ತಾವ್ರಿ. ಸೋಪಿನ ಚೀಟಿಗೆ ಯಾರು ಹೆದರ್ತಾರ?” ಎಂದು ಅವರು ತಲೆ ಎತ್ತದೆಯೇ ಹೇಳುತ್ತಾರೆ.

ಓದು ಬಾರದೆ ಮೂರು, ನಾಲ್ಕು, ಐದನೇ ತರಗತಿಗೆ ಬಂದುಬಿಟ್ಟ ಮಕ್ಕಳಿಗೆ ಸಣ್ಣ ಗುಂಪಿನಲ್ಲಿ ಕಲಿಸಲು ರಾಜ್ಯ ಸರಕಾರ ಈ ಶಾಲೆಗೆ ಅನುದಾನ ಕೊಟ್ಟಿದೆ. ಒಂದು ಗುಂಪಿಗೆ ಆರೇ ಮಕ್ಕಳು, ನಲವತ್ತು ನಿಮಿಷ. ಗಂಟೆ ಬಾರಿಸುವ ಮುಂಚೆ ಎರಡು ಗುಂಪು, ಶಾಲೆ ಬಿಟ್ಟ ಮೇಲೆ ಎರಡು. ಒಟ್ಟು ಇಪ್ಪತ್ನಾಲ್ಕು ಮಕ್ಕಳು, ಕಲಿಸುವವರು ಖುರ್ಷಿದಾ ಒಬ್ಬರೇ.

ಮೂವತ್ತಾರು ವರ್ಷದ ಖುರ್ಷಿದಾ ಅವರ ತಂದೆ ಕಾಸೀಮಸಾಬ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದವರು. ಮಗಳು ಕೊಪ್ಪಳದಲ್ಲಿ ಶಿಕ್ಷಕರ ತರಬೇತಿ ಮುಗಿಸಿದಳು. ಕಾಯಂ ಕೆಲಸ ಸಿಗಲಿಲ್ಲ. ಒಂದು ವರ್ಷ ಅತಿಥಿ ಶಿಕ್ಷಕಿ, ಇನ್ನೊಂದು ವರ್ಷ ಹೊಲಿಗೆ, ಹೀಗೇ ಹದಿನಾಲ್ಕು ವರ್ಷ ಕಳೆದಿವೆ. ಗಂಡ ಶಬ್ಬೀರ ಗಂಗಾವತಿಯ ಅಕ್ಕಿ ಗಿರಣಿಗಳಿಂದ ತೌಡು ಸಾಗಿಸುವ ಗಾಡಿಯ ಚಾಲಕ. ಹೋಗುವ ದಾರಿಯಲ್ಲಿ ಹೆಂಡತಿಯನ್ನು ಶಾಲೆಗೆ ಬಿಡುತ್ತಾರೆ. ಆಕೆ ಕೀಲಿ ತೆಗೆದು ಒಳಗೆ ದೀಪ ಹಚ್ಚುವವರೆಗೂ ಗಾಡಿಯ ಬೆಳಕನ್ನು ಬಾಗಿಲ ಮೇಲೆಯೇ ಹಿಡಿದು ನಿಲ್ಲುತ್ತಾರೆ.

ಇಂದು ಪರೀಕ್ಷೆ. ಅದು ಯಾಕೆ ಬಂತೆಂಬುದನ್ನು ಖುರ್ಷಿದಾ ಮುಚ್ಚಿಡುವುದಿಲ್ಲ.

ಕಳೆದ ಜೂನ್‌ನಲ್ಲಿ, ಕಲಿಸಲು ಶುರು ಮಾಡುವ ಮುಂಚೆ, ಮಕ್ಕಳಿಗೆ ಎಷ್ಟು ಓದು ಬರುತ್ತದೆಂದು ನೋಡಲು ಹೊರಗಿನವರು ಬಂದಿದ್ದರು. ಮಕ್ಕಳು ಹಾಳೆ ಹಿಡಿದು ಮೂಕರಾಗಿ ನಿಂತರು. ಪರೀಕ್ಷಕರ ಬೆನ್ನ ಹಿಂದೆ ಖುರ್ಷಿದಾ ನಿಂತಿದ್ದರು.

“ನಮ್ಮ ಮನಿ ಮಕ್ಕಳು ಬಂದವರ ಮುಂದ ಬಾಯಿ ಬಿಡಲಿಲ್ಲಂದ್ರ ನಮಗs ನಾಚಿಕಿ ಆಗ್ತೈತಲ್ರಿ? ನನ್ನ ತುಟಿ ತಾನs ಆಡಿಬಿಡ್ತು. ಅವು ನನ್ನ ಬಾಯಿ ನೋಡಿಕೋಂತ ಹೇಳಿಬಿಟ್ವು.”

ಅಕ್ಷರ ಕೂಡಿಸಲೂ ಬಾರದ ಒಂಬತ್ತು ಮಕ್ಕಳು ಇಡೀ ಪುಟ ಓದುತ್ತಾರೆಂದು ಅಂದು ದಾಖಲಾಯಿತು. ಡಿಸೆಂಬರ್‌ನಲ್ಲಿ ಮತ್ತೆ ಪರೀಕ್ಷೆ ನಡೆದಾಗ ಖುರ್ಷಿದಾ ತರಬೇತಿಗೆಂದು ಕೊಪ್ಪಳಕ್ಕೆ ಹೋಗಿದ್ದರು. ಆ ಒಂಬತ್ತೂ ಮಕ್ಕಳು ಸಣ್ಣ ಪದಗಳನ್ನಷ್ಟೇ ಓದಿದರು. ಅದು ಆರು ತಿಂಗಳ ನಿಜವಾದ ಕಲಿಕೆ. ಆದರೆ ಕಾಗದದ ಮೇಲೆ ಮಕ್ಕಳು ಹಿಂದೆ ಬಿದ್ದಂತೆ ಕಂಡಿತು. ಪ್ರಗತಿ ಇಲ್ಲದ ಶಾಲೆಗೆ ಮುಂದಿನ ವರ್ಷ ಅನುದಾನ ಇಲ್ಲವೆಂಬ ಪತ್ರ ಬಂತು.

ಖುರ್ಷಿದಾ ಆ ರಾತ್ರಿಯೇ ತಮ್ಮ ತಪ್ಪನ್ನೆಲ್ಲ ಕಾಗದದಲ್ಲಿ ಬರೆದರು. ಮರುದಿನ ಮುಖ್ಯೋಪಾಧ್ಯಾಯ ವಿರುಪಣ್ಣ ಅದನ್ನು ಓದಿ ಕನ್ನಡಕ ತೆಗೆದರಂತೆ.

“ಇದನ್ನ ಕೊಟ್ರ ಮುಂದಿನ ವರ್ಷ ಕಲಿಸೋರ ಪಟ್ಟಿಯಾಗ ನಿನ್ನ ಹೆಸರು ಇರಾಕಿಲ್ಲ ನೋಡವಾ.”

“ನನ್ನ ಹೆಸರು ಇಲ್ಲದಿದ್ರೂ ನಡೀತೈತ್ರಿ ಸರ್. ನಮ್ಮ ಸಾಲಿ ಹೆಸರು ಇರಬೇಕು.”

ವಿರುಪಣ್ಣ ಆಕೆಯ ಪಾಠ ತಪ್ಪಬಾರದೆಂದು ತಾವೇ ಎರಡು ಬಸ್ಸು ಬದಲಿಸಿ ಕೊಪ್ಪಳದ ಕಚೇರಿಗೆ ಕಾಗದ ಮುಟ್ಟಿಸಿ ಬಂದರು. ಜೂನ್‌ನ ದಾಖಲೆ ರದ್ದಾಯಿತು. ಡಿಸೆಂಬರ್‌ನ ಫಲಿತಾಂಶದಿಂದಲೇ ಲೆಕ್ಕ ಹಿಡಿಯುವುದಾಗಿಯೂ, ಮಾರ್ಚ್‌ನಲ್ಲಿ ಒಂಬತ್ತರಲ್ಲಿ ಆರು ಮಕ್ಕಳಾದರೂ ಪುಟ ಓದಿದರೆ ಅನುದಾನ ಮುಂದುವರಿಸುವುದಾಗಿಯೂ ಕಚೇರಿ ತಿಳಿಸಿತು.

ಅಂದಿನಿಂದ ಖುರ್ಷಿದಾ ಮಕ್ಕಳಿಗೆ ಬೆನ್ನು ಕೊಟ್ಟು ಕುಳಿತು ಓದಿಸುತ್ತಾರೆ. ಮುಖ ಗೋಡೆಯ ಕಡೆ, ಕಿವಿ ಹಿಂದೆ.

“ಅಕ್ಕೋರ, ನೀವು ಗ್ವಾಡಿಗೆ ಕಲಿಸ್ತೀರೋ ನಮಗೋ?” ಎಂದು ನಾಲ್ಕನೇ ತರಗತಿಯ ಅಮೃತಾ ಈ ಬೆಳಗಿನ ಪಾಠದಲ್ಲೂ ಕೆಣಕುತ್ತಾಳೆ.

“ಗ್ವಾಡಿ ನಿನಕಿಂತ ಮೊದಲ ಕಲಿತೈತಿ. ನೀ ಓದು,” ಎಂದು ಗೋಡೆಯ ಕಡೆಯಿಂದಲೇ ಉತ್ತರ ಬರುತ್ತದೆ. ಆರೂ ಮಕ್ಕಳು ನಗುತ್ತಾರೆ. ತೊದಲುವ ಒಬ್ಬ ಹುಡುಗನಿಗೆ ಸಾಲು ತಪ್ಪದಂತೆ ಅಮೃತಾ ತನ್ನ ಬಳಪದ ಕಡ್ಡಿಯನ್ನು ಅವನ ಹಾಳೆಯ ಮೇಲೆ ಅಡ್ಡ ಇಡುತ್ತಾಳೆ. ಪದ ಮಾತ್ರ ಹೇಳಿಕೊಡುವುದಿಲ್ಲ.

ಹತ್ತು ಗಂಟೆಗೆ ಕುಷ್ಟಗಿ ತಾಲೂಕಿನಿಂದ ಪರೀಕ್ಷಕಿ ಶಿವಲೀಲಾ ಬರುತ್ತಾರೆ. ಖುರ್ಷಿದಾ ಒಂಬತ್ತು ಮಕ್ಕಳನ್ನು ಸಾಲಾಗಿ ಕೂರಿಸಿ, ನೀರಿನ ತಂಬಿಗೆ ಇಟ್ಟು, ತಾವಾಗಿಯೇ ಹೊರಗೆ ನಡೆಯುತ್ತಾರೆ. “ವರಾಂಡದಾಗ ಕೂಡ್ರಿ, ಅಡ್ಡಿಯಿಲ್ಲ,” ಎಂದು ಶಿವಲೀಲಾ ಕರೆಯುತ್ತಾರೆ. “ಬ್ಯಾಡ್ರಿ ಮೇಡಂ, ಈ ಬಾಯಿ ಮ್ಯಾಲೆ ನನಗ ಭರೋಸಾ ಇಲ್ಲ,” ಎಂದು ಗೇಟು ದಾಟಿ, ರಸ್ತೆಯಾಚೆಯ ಮೋರಿಕಟ್ಟೆಯ ಮೇಲೆ, ಶಾಲೆಗೆ ಬೆನ್ನು ಮಾಡಿ ಕೂರುತ್ತಾರೆ.

ಅಲ್ಲಿ ಆಗಲೇ ಫಕೀರಮ್ಮ ಕುಳಿತಿದ್ದಾರೆ. ಒಂಬತ್ತು ಮಕ್ಕಳಲ್ಲಿ ಒಬ್ಬನಾದ ಕೊಟ್ರೇಶನ ಅಜ್ಜಿ. ಕಡಲೆ ಕೀಳುವ ಕೂಲಿಗೆ ಹೊರಟವರು ಮೊಮ್ಮಗನ ಸುದ್ದಿ ತಿಳಿಯಲೆಂದು ಕಾಯುತ್ತಿದ್ದಾರೆ.

“ಏನವಾ ಅಕ್ಕೋರ, ನಿನ್ನನ್ನs ಸಾಲಿಯಿಂದ ಹೊರಗ ಹಾಕ್ಯಾರಲ್ಲ! ಮನಿಪಾಠ ಬರದಿಲ್ಲೇನು?”

“ಬಾಯಿ ಮುಚ್ಚಿ ಕುಂದ್ರಾದು ಕಲ್ಯಾಕ ಕಳಿಸ್ಯಾರ ಯಮ್ಮಾ.”

“ನಮ್ಮ ಕೊಟ್ರ್ಯಾ ಓದ್ಯಾನಂತೀ?”

ಖುರ್ಷಿದಾ ಹೇಳುತ್ತಾರೆ: “ಕಷ್ಟ ಐತಿ. ಹೋದ ತಿಂಗಳು ಒಂಬತ್ತು ದಿನ ಜ್ವರದಾಗ ಮಲಗಿದ್ನಲ್ಲ. ಸುಳ್ಳು ಹೇಳಾಕಿ ಅಲ್ಲ ನಾನು ಈಗ.”

ಶಾಲೆಯ ಒಳಗಿನಿಂದ ಒಮ್ಮೆ ಸಣ್ಣ ದನಿ, ಒಮ್ಮೆ ದೀರ್ಘ ಮೌನ. ಮೌನ ಬಂದಾಗಲೆಲ್ಲ ಖುರ್ಷಿದಾ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾರೆ.

ಹನ್ನೊಂದೂವರೆಗೆ ಶಿವಲೀಲಾ ತಾವೇ ಗೇಟಿಗೆ ಬರುತ್ತಾರೆ. “ಒಂಬತ್ತರಾಗ ಏಳು ಹುಡುಗರು ಪುಟ ಓದ್ಯಾರ್ರಿ. ಆ ಅಮೃತಾ ಇನ್ನೊಂದು ಪುಟ ಕೊಡ್ರಿ ಅಂದ್ಲು.” ಕೊಟ್ರೇಶ ಮತ್ತು ಇನ್ನೊಬ್ಬ ಹುಡುಗ ಓದಿಲ್ಲ. “ಒಂದೆರಡು ಕಠಿಣ ಪದ ಬಂದಲ್ಲಿ ನಿಂತಾವ. ಓದ್ಯಾವಂತ ಬರೀಲೇನು?” ಎಂದು ಶಿವಲೀಲಾ ಕೇಳುತ್ತಾರೆ.

“ಇದ್ದದ್ದನ್ನ ಬರೀರಿ,” ಎನ್ನುತ್ತಾರೆ ಖುರ್ಷಿದಾ.

ಏಳು ಸಾಕು. ಮುಂದಿನ ವರ್ಷವೂ ಈ ಊರಿನ ಇಪ್ಪತ್ನಾಲ್ಕು ಮಕ್ಕಳಿಗೆ ಪಾಠ ಉಂಟು. ಕಲಿಸುವ ಜಾಗದಲ್ಲಿ ಯಾರ ಹೆಸರಿರುತ್ತದೆಂದು ಯಾರೂ ಹೇಳಿಲ್ಲ. ಆ ಬಗ್ಗೆ ಕೇಳಿದರೆ ಖುರ್ಷಿದಾ ಕೈಯಾಡಿಸುತ್ತಾರೆ. “ಅದು ಜೂನಿನ ಮಾತು. ಏಪ್ರಿಲ್ ಹತ್ತಕ್ಕ ಸಾಲಿ ಬಿಡ್ತೈತಿ, ಅಲ್ಲಿ ತನಕ ನಾನs ಅದೀನ್ರಿ. ಅಷ್ಟರಾಗ ಈ ಇಬ್ಬರೂ ಓದಬೇಕು, ಮತ್ತೇನೂ ಬ್ಯಾಡ ನನಗ.”

ಕೊಟ್ರೇಶ ಗೇಟಿನ ಕಂಬಕ್ಕೆ ಮುಖ ಒತ್ತಿ ನಿಂತಿದ್ದಾನೆ. ಖುರ್ಷಿದಾ ಅವನನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ: “ಎಲ್ಲಿ ನಿಂತಿ?”

“ನಾಕನೇ ಸಾಲಿಗೆ.”

“ಡಿಸೆಂಬರ್‌ನಾಗ ಒಂದನೇ ಸಾಲಿಗೆ ನಿಂತಿದ್ದಿ. ನಾಳಿ ಆರೂವರಿಗೆ ಬಾ, ಐದನೇ ಸಾಲಿನಿಂದ ಹಿಡಿಯೋಣು.”

ಹುಡುಗ ತಲೆಯಾಡಿಸಿ ಒಳಗೆ ಓಡುತ್ತಾನೆ. ಫಕೀರಮ್ಮ ಎದ್ದು ಸೀರೆ ಝಾಡಿಸಿಕೊಳ್ಳುತ್ತಾರೆ. ಹೊಲಕ್ಕೆಂದು ಕಟ್ಟಿಕೊಂಡಿದ್ದ ಬುತ್ತಿಯ ಗಂಟನ್ನು ಸೊಂಟದಿಂದ ಬಿಚ್ಚಿ, ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿಯನ್ನು ಬಟ್ಟೆಸಮೇತ ಖುರ್ಷಿದಾ ಅವರ ಕೈಗಿಟ್ಟು, ಹೊಲದ ದಾರಿ ಹಿಡಿಯುತ್ತಾರೆ.