ಊರು ನೋಡಲು ಬಂದವರು

ಲಾ ಪಾಸ್ ನಗರದ ನೆತ್ತಿಯಲ್ಲಿರುವ ಎಲ್ ಆಲ್ತೋದ ನಮ್ಮ ಓಣಿಯ ಮೂಲೆಯಲ್ಲಿ, ಕರೆಂಟು ಕಂಬಕ್ಕೆ ಆಳೆತ್ತರದ ಬೊಂಬೆಯೊಂದು ನೇತಾಡುತ್ತಿರುತ್ತದೆ. ಕುತ್ತಿಗೆಗೆ ಹಗ್ಗ, ಎದೆಯ ಮೇಲೆ ‘ಕಳ್ಳ ಸಿಕ್ಕರೆ ಇದೇ ಗತಿ’ ಎಂಬ ಬರಹ. ಇಂಥ ಬೊಂಬೆ ಇಲ್ಲಿ ಎಲ್ಲ ಓಣಿಗಳಲ್ಲೂ ಇದೆ. ಆದರೆ ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟಿರುವುದು ನಮ್ಮದು ಮಾತ್ರ. ಹೊಲಿಯುವವಳು ನನ್ನ ಅಕ್ಕ ಸತುರ್ನಿನಾ, ಪ್ಯಾಂಟು ತೀರಿಹೋದ ಭಾವನದು.

“ಚಿಂದಿ ಬೊಂಬೆಗೆ ಯಾವ ಕಳ್ಳ ಹೆದರ್ತಾನೋ? ನೋಡಿದ್ರೆ ನಿಜವಾದ ಮನುಷ್ಯನ್ನೇ ನೇತುಹಾಕಿದಾರೆ ಅನ್ನಿಸ್ಬೇಕು,” ಎನ್ನುತ್ತಾಳೆ.

ಅಕ್ಕ ಸಂತೆಯಲ್ಲಿ ಚುನ್ಯೋ ಮಾರುತ್ತಾಳೆ. ಹಿಮದಲ್ಲಿ ಹಾಕಿ, ತುಳಿದು, ಬಿಸಿಲಿಗೆ ಒಣಗಿಸಿದ ಆಲೂಗಡ್ಡೆ ಅದು. ಮೂಟೆಯೊಳಗೆ ಮೊಳಕೈವರೆಗೆ ಕೈ ತೂರಿಸಿ ತಳದ್ದನ್ನು ತೆಗೆದು ನೋಡದೆ ಒಂದು ಮೂಟೆಯನ್ನೂ ಕೊಂಡವಳಲ್ಲ. ಜನಗಣತಿಯವನು ಬಂದಾಗ ಪಕ್ಕದ ಮನೆಯವಳ ಹೆಸರು ಹೇಳಿ ಕಳಿಸಿದಳು. ರಕ್ತದೊತ್ತಡ ಸರಿಯಾಗಿದೆ ಎಂದ ಡಾಕ್ಟರನ್ನು “ಬೇರೆಯವರ ಚೀಟಿ ನೋಡ್ತಿಲ್ಲ ತಾನೇ?” ಎಂದು ಕೇಳಿದಳು. ನಾನು ಮೂವತ್ತೊಂದು ವರ್ಷದಿಂದ ಈ ಊರಲ್ಲಿ ಮಿನಿಬಸ್ಸು ಓಡಿಸುತ್ತಿದ್ದೇನೆ. ಈಗಲೂ ನನ್ನ ಸೀಟಿನ ಹಿಂದೆಯೇ ಕೂತು, ತಮ್ಮ ಎಲ್ಲಿ ಸುತ್ತುದಾರಿ ಹಿಡಿಯುತ್ತಾನೋ ಎಂದು ಕಾಯುತ್ತಾಳೆ.

ಅವಳ ಒಬ್ಬಳೇ ಮಗಳು ಮಾರ್ಲೇನಿ ಕೆಳಗಿನ ಬಿಸಿಲ ನಾಡು ಸಾಂತಾ ಕ್ರೂಸಿನ ಆಸ್ಪತ್ರೆಯಲ್ಲಿ ನರ್ಸು. ನಮ್ಮಲ್ಲಿ ಚಳಿ ಕೊರೆಯುವ ಜುಲೈ ಕೊನೆಗೆ ಫೋನು ಮಾಡಿದಳು. ಎರ್ಲಾನ್ ತನ್ನ ಅಪ್ಪ ಅಮ್ಮನ ಜೊತೆ ಆಗಸ್ಟಿನಲ್ಲಿ ಲಾ ಪಾಸ್ ನೋಡಲು ಬರುತ್ತಾನಂತೆ, ತಾನೂ ಬರುತ್ತಾಳಂತೆ. ಎರ್ಲಾನ್ ಅದೇ ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಹುಡುಗ. ಎರಡು ವರ್ಷದಿಂದ ಮಗಳು ಕಳಿಸುವ ಪ್ರತಿ ಫೋಟೋದಲ್ಲೂ ಪಕ್ಕದಲ್ಲಿ ನಿಂತಿರುತ್ತಿದ್ದ.

“ಬರೀ ಊರು ನೋಡೋಕಂತೆ!” ಅಕ್ಕ ನನ್ನ ಮನೆಗೇ ಬಂದು ಕೂತಳು. “ಈ ಚಳೀಲಿ ಯಾರೋ ಊರು ನೋಡ್ತಾರೆ? ನಮ್ಮನ್ನ ನೋಡೋಕೆ ಬರ್ತಿದಾರೆ.”

“ನೋಡ್ಲಿ ಬಿಡಕ್ಕ. ನೀನೇನು ಬಚ್ಚಿಟ್ಕೊಂಡಿದೀಯ?”

“ಅವರೇನೋ ಬಚ್ಚಿಟ್ಕೊಂಡಿದಾರೆ ಕಣೋ. ಅವರು ಪ್ರಾರ್ಥನೆ ಸಭೆಯವರು ಅಂತ ನಂಗನ್ಸುತ್ತೆ. ಕೇಳಿದ್ರೆ ಮಾರ್ಲೇನಿ ಮಾತು ತೇಲಿಸ್ತಾಳೆ.”

ಅವಳ ಭಯ ನನಗೆ ಅರ್ಥವಾಯಿತು. ಸಭೆ ಸೇರಿದ ಕ್ರೈಸ್ತರು ಸಾರಾಯಿ ಮುಟ್ಟುವುದಿಲ್ಲ, ಭೂತಾಯಿಗೆ ಎರೆಯುವುದೂ ಇಲ್ಲ. ನಮ್ಮಲ್ಲಿ ಸಾರಾಯಿ ಗಂಟಲಿಗೆ ಇಳಿಯುವ ಮೊದಲು ಎರಡು ಹನಿ ಭೂತಾಯಿಗೆ ಬೀಳಬೇಕು. ಅದರಲ್ಲೂ ಆಗಸ್ಟಿನಲ್ಲಿ ಆ ತಾಯಿ ಬಾಯಿ ತೆರೆದು ಕಾದಿರುತ್ತಾಳೆ. ಭಾವನ ತಮ್ಮ ಫೆರ್ಮಿನ್ ಸಭೆ ಸೇರಿದ ವರ್ಷ, ಭಾವನ ತಿಥಿಯ ದಿನವೇ, ಅಕ್ಕ ಕೊಟ್ಟ ಲೋಟವನ್ನು ಎಲ್ಲರೆದುರು ಮೇಜಿನ ಮೇಲೆ ಬೋರಲು ಹಾಕಿದ್ದ. “ಇದು ಸೈತಾನನ ಉಚ್ಚೆ” ಎಂದಿದ್ದ. ಒಂಬತ್ತು ವರ್ಷವಾಯಿತು, ಈ ಕಡೆ ತಲೆ ಹಾಕಿಲ್ಲ. ಮಗಳೂ ಹಾಗೆಯೇ ಕೈತಪ್ಪಿ ಹೋದರೆ ಅಕ್ಕನಿಗೆ ಉಳಿಯುವುದು ಕಂಬದ ಬೊಂಬೆಯೊಂದೇ.

“ನಿನ್ನ ಗಾಡೀಲೇ ಸುತ್ತಾಡ್ಸು. ಕಣ್ಣಿಟ್ಟಿರು,” ಎಂದಳು. ಸೋದರಮಾವ ಪತ್ತೇದಾರನಾದ.

ಬಂದವರೂ ಅನುಮಾನದಲ್ಲಿ ಏನು ಕಡಿಮೆಯಿರಲಿಲ್ಲ. ಹುಡುಗನ ತಾಯಿ ನೆಲ್ವಿ ಎರಡು ದಿನವೂ ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡೇ ಕೂತಿದ್ದರು. ಓಣಿಯ ಬೊಂಬೆ ಕಂಡಾಗ “ಅಣ್ಣಾ, ಅದು ಬೊಂಬೆ ತಾನೇ?” ಎಂದು ಕೇಳಿ, ಹೌದೆಂದರೂ ಹಿಂತಿರುಗಿ ಹಿಂತಿರುಗಿ ನೋಡಿದರು. ಮಾಟಗಾತಿಯರ ಬೀದಿಯಲ್ಲಿ ಭೂತಾಯಿಗೆ ಅರ್ಪಿಸಲೆಂದು ಮಾರುವ ಒಣಗಿದ ಲಾಮಾ ಮರಿಗಳನ್ನು ಕಂಡು ಕಣ್ಣು ಮುಚ್ಚಿಕೊಂಡರು. ಗಂಡ ಎರ್ವಿನ್‌ಗೆ ಎತ್ತರದ ಗಾಳಿ ಹಿಡಿಸದೆ ತುಟಿ ನೀಲಿಯಾಗಿತ್ತು, ಇಲಿಮಾನಿ ಪರ್ವತ ತೋರಿಸಿದರೆ “ಇದೆ ಇದೆ” ಎಂದು ಕಣ್ಣು ತೆರೆಯದೆಯೇ ಹೇಳಿದರು. ಹುಡುಗ ಮಾತ್ರ ತಂತಿಯ ಮೇಲೆ ಓಡುವ ತೂಗುಗಾಡಿಯಲ್ಲಿ ನಾಲ್ಕು ಸಲ ಮೇಲೆ ಕೆಳಗೆ ಹೋಗಿ ಬಂದ.

“ತುಟಿ ನೀಲಿಯಂತಾ?” ಅಕ್ಕ ವರದಿ ಕೇಳಿ ಹುಬ್ಬು ಗಂಟಿಕ್ಕಿದಳು. “ನನ್ನ ಮನೇಲಿ ಊಟ ತಪ್ಪಿಸ್ಕೊಳ್ಳೋ ನಾಟಕ ಅದು. ಊಟಕ್ಕೆ ಮುಂಚೆ ಕಣ್ಮುಚ್ಚಿ ಪ್ರಾರ್ಥನೆ ಮಾಡಿದ್ರಾ?”

“ಅವರು ಕಣ್ಣು ತೆಗೆದಿದ್ದೇ ಕಮ್ಮಿ ಅಕ್ಕ, ಹೇಗೆ ಹೇಳ್ಲಿ?”

ಮೂರನೆಯ ಮಧ್ಯಾಹ್ನ ಅಕ್ಕನ ಅಂಗಳದಲ್ಲಿ ಊಟ. ಚುನ್ಯೋ ಹಾಕಿದ ಕುರಿಮಾಂಸದ ಬಿಸಿ ಸಾರು. ಅದಕ್ಕೂ ಮೊದಲು ಎಲ್ಲರ ಕೈಗೂ ಚಿಕ್ಕ ಲೋಟದಲ್ಲಿ ಸಿಂಗಾನಿ, ನಮ್ಮ ದ್ರಾಕ್ಷಿಯ ಸಾರಾಯಿ. ಎರ್ವಿನ್‌ಗೆ ಮೈ ಸರಿಯಿಲ್ಲವೆಂದು ಬಿಟ್ಟಳು. ಹುಡುಗನಿಗೆ ಗಾಡಿ ಓಡಿಸುವುದಿದೆ ಎಂದು ಮಾರ್ಲೇನಿ ಅಡ್ಡಬಂದಳು, ಗಾಡಿ ನನ್ನದು ಎನ್ನುವುದು ಯಾರಿಗೂ ನೆನಪಾಗಲಿಲ್ಲ. ನೆಲ್ವಿಗೆ ಮಾತ್ರ ದಾರಿಯಿರಲಿಲ್ಲ. ಅಕ್ಕ ತನ್ನ ಲೋಟದಿಂದ ನೆಲಕ್ಕೆ ಎರಡು ಹನಿ ಬಿಟ್ಟು, ಕುಡಿದು, ಸಾರು ತರುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಬಾಗಿಲ ಸಂದಿಯಲ್ಲಿ ಅವಳ ಲಂಗದ ಅಂಚು ನನಗೆ ಕಾಣುತ್ತಿತ್ತು.

ನೆಲ್ವಿ ಆಚೀಚೆ ನೋಡಿದರು. ಮೆಲ್ಲಗೆ ಬಗ್ಗಿ, ಕುರ್ಚಿಯ ಪಕ್ಕದ ಮಣ್ಣಿಗೆ ಇಡೀ ಲೋಟ ಸುರಿದರು. ತುಟಿ ಪಿಟಪಿಟ ಅನ್ನುತ್ತಿತ್ತು.

ಅಕ್ಕ ಬಂದಳು. ನೆಲ್ವಿಯ ತಟ್ಟೆಗೆ ಪಾತ್ರೆಯಲ್ಲೇ ದೊಡ್ಡ ತುಂಡನ್ನು ಹುಡುಕಿ ಹಾಕಿದಳು. ಆಮೇಲೆ ನನ್ನನ್ನು ಒಳಗೆ ಎಳೆದು ಪಿಸುಗುಟ್ಟಿದಳು:

“ನೋಡ್ದೇನೋ? ನಾವು ಎರಡು ಹನಿ ಕೊಡ್ತೀವಿ. ಆಕೆ ಭೂತಾಯಿಗೆ ಇಡೀ ಲೋಟ ಕೊಟ್ಲು!”

ನನಗೂ ಸಂತೋಷವಾಯಿತು. ಆದರೆ ಹೋಟೆಲಿಗೆ ಬಿಡುವಾಗ ನೆಲ್ವಿ ನನ್ನ ಕಿವಿಯ ಹತ್ತಿರ ಬಗ್ಗಿದರು.

“ಅಣ್ಣಾ, ನಾವು ಸಭೆಯವರು. ಮುಟ್ಟೋ ಹಾಗಿಲ್ಲ. ಬೇಡ ಅಂದ್ರೆ ಅವರಿಗೆ ನೋವಾಗುತ್ತಲ್ಲ ಅಂತ ಮಣ್ಣಿಗೆ ಚೆಲ್ಲಿಬಿಟ್ಟೆ. ಅವರು ನೋಡಿಲ್ಲ ತಾನೇ?”

ಅಕ್ಕನಿಗೆ ಹೇಳಿದರೆ ಸಂಬಂಧ ಅಲ್ಲಿಗೇ ಮುಗಿಯುತ್ತದೆ. ಹೇಳದಿದ್ದರೆ ಮೂಟೆಯ ತಳ ನೋಡದೆ ಕೊಂಡವಳಾಗುತ್ತಾಳೆ, ಅದೂ ಸ್ವಂತ ತಮ್ಮನಿಂದ.

“ನಿನ್ನೆ ಗಾಡೀಲಿ ನೆಲ್ವಿ ಏನೋ ಪಿಸುಪಿಸು ಅಂದ್ಳಂತೆ?” ಬೆಳಿಗ್ಗೆಯೇ ಅಕ್ಕ ಕೇಳಿದಳು. ಯಾರು ಹೇಳಿದರೋ!

“ಊಟ ಚೆನ್ನಾಗಿತ್ತು ಅಂದ್ರು.”

“ಓ,” ಎಂದಳು.

ಅಂದೇ ಮಧ್ಯಾಹ್ನ ಅವರ ಬಸ್ಸು. ಅಕ್ಕನೂ ನಿಲ್ದಾಣಕ್ಕೆ ಬಂದಳು. ಮಗಳ ಶಾಲು ಸರಿ ಮಾಡಿದಳು, ಹುಡುಗನ ಬೂಟು ಪರೀಕ್ಷಿಸಿದಳು, ಆಮೇಲೆ ನೆಲ್ವಿಯ ಎರಡೂ ಕೈ ಹಿಡಿದಳು.

“ನವೆಂಬರಲ್ಲಿ ಶಾಸ್ತ್ರವಾಗಿ ಹೆಣ್ಣು ಕೇಳೋಕೆ ಬನ್ನಿ. ಬರೋವಾಗ ಬಾಟ್ಲಿ ತರಬೇಡಿ. ನಿಮ್ಮೂರ ಬಾಳೆಗೊನೆ ತನ್ನಿ, ಸಾಕು.”

ಸಾರಾಯಿ ಬಾಟಲಿಯಿಲ್ಲದೆ ಹೆಣ್ಣು ಕೇಳುವುದನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಮಾರ್ಲೇನಿ ಕಣ್ಣರಳಿಸಿ ನನ್ನನ್ನು ನೋಡಿದಳು. ನೆಲ್ವಿಯ ಮುಖ ಬಿಳಿಚಿ ಹೋಯಿತು. ಅಕ್ಕನ ಕೈಯನ್ನೇ ಗಟ್ಟಿಯಾಗಿ ಅದುಮಿದರು. ನಾಲ್ಕು ದಿನದಲ್ಲಿ ಮೊದಲ ಸಲ ಅವರ ಕೈಚೀಲ ನೆಲದ ಮೇಲಿತ್ತು.

ವಾಪಸು ಬರುವಾಗ ಅಕ್ಕ ಎಂದಿನಂತೆ ನನ್ನ ಸೀಟಿನ ಹಿಂದೆಯೇ ಕೂತಳು. ನಾನು ತಡೆಯಲಾರದೆ ಕೇಳಿದೆ.

“ಯಾವಾಗ ಗೊತ್ತಾಯ್ತಕ್ಕ?”

“ಲೋಟ ಖಾಲಿಯಾಗೋ ಮುಂಚೇನೇ. ತುಟಿ ಆಡ್ತಿತ್ತಲ್ಲ, ಪ್ರಾರ್ಥನೆಗೆ ಕೂತ ಫೆರ್ಮಿನ್ ಹಾಗೇ.”

“ಮತ್ತೆ ನಂಗೆ ಭೂತಾಯಿ ಗೀತಾಯಿ ಅಂದಿದ್ದು?”

“ನೀನು ಬಾಯಿ ಬಿಡ್ತೀಯಾ ಅಂತ ನೋಡೋಕೆ.”

ನಾನು ಗಾಡಿಯನ್ನು ಪಕ್ಕದ ರಸ್ತೆಗೆ ತಿರುಗಿಸಿದೆ. ಅಕ್ಕನೇ ಮುಂದುವರಿಸಿದಳು.

“ಫೆರ್ಮಿನ್ ಊರೆಲ್ಲ ನೋಡ್ಲಿ ಅಂತ ಲೋಟ ಬೋರಲು ಹಾಕಿದ. ಈಕೆ ಯಾರೂ ನೋಡಬಾರದು ಅಂತ ನಡು ಬಗ್ಗಿಸಿದ್ಲು. ಅವಳ ದೇವರನ್ನೂ ಬಿಡ್ಲಿಲ್ಲ, ನನ್ನ ಮನಸ್ಸನ್ನೂ ನೋಯಿಸ್ಲಿಲ್ಲ. ಅಂಥೋಳ ಮನೇಲಿ ಮಾರ್ಲೇನಿ ಇರಬಹುದು ಕಣೋ.”

ಕನ್ನಡಿಯಲ್ಲಿ ನೋಡಿದೆ. ಶಾಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

“ಅಳ್ತಿದೀಯೇನಕ್ಕ?”

“ಮುಂದೆ ನೋಡ್ಕೊಂಡು ಓಡ್ಸೋ,” ಎಂದಳು. “ಸುತ್ತುದಾರಿ ಹಿಡಿದಿದೀಯ ಅಂತ ಗೊತ್ತು ನಂಗೆ. ಇವತ್ತೊಂದಿನ ಹೋಗ್ಲಿ, ನಿಧಾನಕ್ಕೇ ಹೋಗು. ಮನೇಲಿ ಯಾರಿದಾರೆ?”