ಅಳಿಸಿದ ಟೇಪಿನ ಬಾಲ

ಅಂಗಡಿ ಬೀದಿಯ ದರ್ಜಿಗಳೆಲ್ಲ ಅವಳನ್ನು ಕಾಜಕ್ಕ ಎಂದೇ ಕರೆಯುತ್ತಿದ್ದರು. ಹೊಲಿದ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಕೂರಿಸುವುದು ಅವಳ ಕಸುಬು. ಅವಳು ಹೊಲಿದ ಗುಂಡಿ ಕಿತ್ತುಬಂತು ಎಂದು ಮೂವತ್ತು ವರ್ಷದಲ್ಲಿ ಯಾರೂ ದೂರಿದ್ದಿಲ್ಲ. ಇಂಥವಳು ಕೆಲಸ ಬಿಟ್ಟು ಯಾವುದೋ ಓಬೀರಾಯನ ಕಾಲದ ಟಿವಿ ಕಾರ್ಯಕ್ರಮದ ಬೆನ್ನು ಹತ್ತಿದ್ದಾಳೆ ಎಂದು ತಿಳಿದಾಗ ಬೀದಿಗೆ ಬೀದಿಯೇ ನಕ್ಕಿತು.

"ಏನಕ್ಕ, ಹೀರೋಯಿನ್ ಆಗಿದ್ರಾ?" ಎಂದು ಪಕ್ಕದ ಅಂಗಡಿಯ ದರ್ಜಿ ಕೆಣಕಿದ.

"ಇಲ್ಲ, ವಿಲನ್ ಆಗಿದ್ದೆ," ಎಂದು ಅವಳು ದಾರ ಕಡಿದಳು. ತಮಾಷೆ ಎಂದುಕೊಂಡ ಆ ಪೆದ್ದ.

ಅವಳಿಗೊಬ್ಬ ತಮ್ಮ. ಹುಟ್ಟಿದಾಗಿನಿಂದ ಮಾತಿಲ್ಲ. ಕರೆದರೆ ತಿರುಗುವುದಿಲ್ಲ, ಮುಖ ಕೊಟ್ಟು ನೋಡುವುದಿಲ್ಲ. ಗುಂಡಿಗಳನ್ನು ಬಣ್ಣಕ್ಕೊಂದು ಸಾಲು ಮಾಡಿ ಜೋಡಿಸುತ್ತ ದಿನವಿಡೀ ಕೂರಬಲ್ಲ. ಈಗ ಅದಕ್ಕೆ ಆಟಿಸಂ ಎಂದು ಮರ್ಯಾದೆಯ ಹೆಸರಿದೆ. ಆಗ ಜನ ಇಟ್ಟಿದ್ದ ಹೆಸರುಗಳನ್ನು ಬಾಯಿಬಿಟ್ಟು ಹೇಳದಿರುವುದೇ ಲೇಸು. ಅವನಿಗೆ ಏಳು, ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಟಿವಿಯವರು ಇಂಥ ಮಕ್ಕಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುತ್ತ ಇವರ ಮನೆಗೂ ಬಂದರು. ಕಣ್ಣು ಕುಕ್ಕುವ ದೀಪ, ಕಾಲಿಗೆ ತೊಡರುವ ವೈರು. ಕನ್ನಡಕದ ಮೇಡಂ ಒಬ್ಬರು ಮೈಕು ಹಿಡಿದು, "ತಮ್ಮ ಅಂದ್ರೆ ಇಷ್ಟಾನಾ ಪುಟ್ಟಿ?" ಎಂದರು. ಹಿಂದಿನ ದಿನವಷ್ಟೇ ಅವನು ಅವಳ ಪರೀಕ್ಷೆಯ ಪುಸ್ತಕಗಳನ್ನೆಲ್ಲ ನೀರಿನ ತೊಟ್ಟಿಗೆ ಹಾಕಿದ್ದ. ಹುಡುಗಿ ಹೇಳಿಬಿಟ್ಟಳು: "ಇವ್ನು ಎಲ್ಲಾದ್ರೂ ಹೋಗ್ಬಿಟ್ರೆ ನಮ್ಮನೆ ಚೆನ್ನಾಗಿರತ್ತೆ."

ಆ ಮಾತು ಅವನ ಕಿವಿಗೆ ಬಿತ್ತೇ? "ಇಲ್ಲ ಕಣೆ, ಅವನು ಹಿತ್ತಲಲ್ಲಿದ್ದ, ಸುಮ್ನಿರು," ಎಂದು ಕೇಳಿದಾಗಲೆಲ್ಲ ಅಮ್ಮ ಹೇಳುತ್ತಿದ್ದಳು. ಮನೆಯಲ್ಲಿ ಟಿವಿ ಇರಲಿಲ್ಲ. ಚಿತ್ರ ಪ್ರಸಾರವಾದ ಸಂಜೆ ಅಮ್ಮ ನೆರೆಮನೆಗೂ ಕಳಿಸಲಿಲ್ಲ. ಅಮ್ಮ ಇರುವತನಕ ಅವಳ ಮಾತನ್ನೇ ನಂಬಿಕೊಂಡು ಬದುಕಿದ್ದಾಯಿತು. ಹೋದ ವರ್ಷ ಅಮ್ಮ ತೀರಿಕೊಂಡಳು. ಅಂದಿನಿಂದ ತಲೆಯಲ್ಲಿ ಒಂದೇ ಹುಳ. ಅನ್ನ ಕಲಸುವಾಗ, ಸೂಜಿಗೆ ದಾರ ಪೋಣಿಸುವಾಗ, ಒಂಬತ್ತು ವರ್ಷದ ಅವಳದೇ ದನಿ ಬೆನ್ನ ಹಿಂದಿನಿಂದ ಆ ಮಾತನ್ನು ಹೇಳುತ್ತಿತ್ತು. ನಿಜಕ್ಕೂ ಹೆದರಿಕೆಯಾಗುತ್ತಿತ್ತು ಅವಳಿಗೆ.

ಟಿವಿ ಕೇಂದ್ರಕ್ಕೆ ಮೊದಲ ಸಲ ಹೋದಾಗ ಕಾವಲುಗಾರ ಒಳಗೇ ಬಿಡಲಿಲ್ಲ. ಎರಡನೇ ಸಲ ಕಾರ್ಯಕ್ರಮದ ಹೆಸರು ಕೇಳಿದರು. ಹೆಸರು ಯಾವ ಪುಣ್ಯಾತ್ಮನಿಗೆ ಗೊತ್ತು? ಮೂರನೇ ಸಲ ಟೇಪಿನ ಕೋಣೆಯವರು ಸಿಕ್ಕರು. ಆ ಕೋಣೆಯ ತಣ್ಣನೆ ಗಾಳಿಗೆ ಸ್ವೆಟರ್ ತೊಟ್ಟ, ನಿವೃತ್ತಿಗೆ ವರ್ಷ ಉಳಿದಿದ್ದ ಮನುಷ್ಯ. ಅವಳ ಶಾಲೆಯ ಪರೀಕ್ಷೆ ನಡೆದ ವರ್ಷ, ತಿಂಗಳು ಹಿಡಿದು ಹಳೇ ರಿಜಿಸ್ಟರು ತಿರುವಿದರು. ಸಿಕ್ಕಿತು, ಆದರೆ ಮೇಲೆ ಕೆಂಪು ಗೆರೆ.

"ಅಳಿಸಿದೆ ಕಣಮ್ಮ. ಆಗ ಟೇಪಿಗೆ ಬರ. ಹಳೇದ್ರ ಮೇಲೇ ಹೊಸದು ಹಾಕ್ತಿದ್ರು. ಇದ್ರ ಮೇಲೆ ಗುಲಾಬಿ ಗಿಡ ಬೆಳೆಸೋದು ಹೇಗೆ ಅಂತ ಒಂದು ಕಾರ್ಯಕ್ರಮ ಹಾಕಿದಾರೆ."

ಅವಳು ಸ್ಟೂಲಿನ ಮೇಲೆ ಕೂತಳು. ಹೋಯಿತಲ್ಲ ಎಂಬ ಸಂಕಟದ ಜೊತೆಗೆ, ಬಚಾವಾದೆ ಎಂಬ ಸಮಾಧಾನವೂ ಇತ್ತು. ಸುಳ್ಳೇಕೆ ಹೇಳಬೇಕು? ಅಷ್ಟರಲ್ಲಿ ಆತ ರಿಜಿಸ್ಟರಿನ ಮೇಲೆ ಬೆರಳಾಡಿಸಿ, "ತಾಳಿ, ತಾಳಿ. ನಿಮ್ದು ಇಪ್ಪತ್ತೆಂಟು ನಿಮಿಷ. ಗುಲಾಬಿದು ಇಪ್ಪತ್ತೈದು. ಹೊದಿಕೆ ಗಿಡ್ಡ ಆದ್ರೆ ಕಾಲು ಹೊರಗಿರತ್ತೆ. ಬಾಲದಲ್ಲಿ ಮೂರು ನಿಮಿಷ ಉಳಿದಿರಬೇಕು," ಎಂದರು.

ಟೇಪು ಹುಡುಕಿ ತಂದು, ಯಂತ್ರಕ್ಕೆ ಹಾಕಿ ಕೊನೆಯವರೆಗೆ ಓಡಿಸಿದರು. ಗುಲಾಬಿಯವನು ನಮಸ್ಕಾರ ಹೇಳಿದ. ಪರದೆಯ ಮೇಲೆ ಗೀರು ಎದ್ದಿತು. ಗೀರು ಇಳಿದಾಗ ಎರಡು ಜಡೆಯ ಹುಡುಗಿ ನಿಂತು ಆ ಮಾತು ಹೇಳುತ್ತಿದ್ದಳು. ಅವಳ ಬೆನ್ನ ಹಿಂದೆಯೇ, ಎರಡು ಮಾರು ದೂರದಲ್ಲಿ, ತಮ್ಮ ನೆಲದ ಮೇಲೆ ಗುಂಡಿ ಜೋಡಿಸುತ್ತಿದ್ದ.

ಅವನ ಕೈ ನಿಂತಿತು. ಸಾಲನ್ನು ಅರ್ಧಕ್ಕೇ ಬಿಟ್ಟು ಎದ್ದ. ಮೂಲೆಯಿಂದ ತನ್ನ ಚಪ್ಪಲಿ ತಂದು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಕೊಂಡ. ಹೋಗಿ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತ. ಕ್ಯಾಮೆರಾ ಅವನ ಬೆನ್ನನ್ನೇ ನೋಡುತ್ತಿತ್ತು. ಗಂಭೀರ ಗಂಡು ದನಿಯೊಂದು ವಿವರಿಸಿತು: "ಹೊರಜಗತ್ತಿನ ಯಾವ ಮಾತೂ ಈ ಮಕ್ಕಳನ್ನು ತಲುಪುವುದಿಲ್ಲ." ಆಮೇಲೆ ಅಮ್ಮ ಬಂದಳು, ಅವನ ಚಪ್ಪಲಿ ಬಿಚ್ಚಿದಳು, ಎತ್ತಿಕೊಂಡು ಒಳಗೆ ಹೋದಳು. ಅಮ್ಮನಿಗೆ ಎಲ್ಲ ಗೊತ್ತಿತ್ತು.

"ಕಾಪಿ ಮಾಡ್ಕೊಡ್ಲಾ ಅಮ್ಮ?" ಎಂದು ಆತ ಕೇಳಿದ್ದು ಅವಳ ತಲೆಗೆ ಹೋಗಲಿಲ್ಲ. ಒಂದು ಮಾತಿನ ಲೆಕ್ಕ ಚುಕ್ತಾ ಮಾಡಲು ಬಂದಿದ್ದಳು. ಅಂದಿನಿಂದ ನಲವತ್ತನಾಲ್ಕು ವರ್ಷ ಅವನೆದುರು ಆಡಿದ ಮಾತೆಲ್ಲ ಮೇಲೆ ಬಿತ್ತು. ಇವನಿಂದಲೇ ನನಗೆ ಮದುವೆಯಾಗಲಿಲ್ಲ ಎಂದು ಅವನ ತಟ್ಟೆಗೆ ಅನ್ನ ಬಡಿಸುತ್ತಲೇ ಹೇಳಿದ್ದಳು. ನನಗಿಂತ ಮುಂಚೆ ಇವನು ಹೋದರೆ ಸಾಕು ಎಂದು ಡಾಕ್ಟರ ಮುಂದೆ, ಅವನ ಕೈ ಹಿಡಿದುಕೊಂಡೇ ಹೇಳಿದ್ದಳು. ಅವನ ಮುಂದೆ ಆಡಿದರೂ ಒಂದೇ, ಗೋಡೆ ಮುಂದೆ ಆಡಿದರೂ ಒಂದೇ ಎಂದುಕೊಂಡು.

ಮನೆಗೆ ಬಂದಾಗ ತಲೆ ನರೆತ ತಮ್ಮ ಡಬ್ಬಿ ಸುರಿದುಕೊಂಡು ಗುಂಡಿ ಆರಿಸುತ್ತಿದ್ದ. ಅವಳು ಎದುರಿಗೆ ಕೂತಳು.

"ಅವತ್ತು ನಾನಂದಿದ್ದು ನಿಂಗೆ ಕೇಳಿಸ್ತು, ಅಲ್ವಾ?" ಎಂದಳು. "ತಪ್ಪಾಯ್ತು ಕಣೋ."

ಅವನು ತಲೆ ಎತ್ತಲಿಲ್ಲ. ಬಿಳಿ ಗುಂಡಿಯೊಂದರ ಮೇಲೆ ಬೆರಳು ನಿಂತಿತು. ಅಷ್ಟರಲ್ಲಿ ಪಕ್ಕದ ಅಂಗಡಿಯ ದರ್ಜಿ ಅಂಗಿಗಳ ಗಂಟು ಹೊತ್ತು ಬಾಗಿಲಿಗೆ ಬಂದ. "ಏನಂತಾನಕ್ಕ ನಿಮ್ಮ ತಮ್ಮ? ಇವತ್ತೂ ಪ್ರಾಣ ತಿಂದ್ನಾ?"

ತಿನ್ನದೆ ಬಿಡ್ತಾನಾ ಎಂದು ದಿನಾ ಕೊಡುವ ಉತ್ತರ ನಾಲಿಗೆ ತುದಿಗೇ ಬಂದಿತ್ತು. ತಮ್ಮನ ಬೆರಳು ಇನ್ನೂ ಕದಲಿರಲಿಲ್ಲ.

"ಮೆಲ್ಲಗೆ ಮಾತಾಡು," ಎಂದಳು ಅವಳು. "ಅವನು ಕೇಳಿಸ್ಕೋತಿದಾನೆ."