ಚಗಳಿ ಕಚ್ಚಿದ್ದಲ್ಲ

ನಾಯಿಮರಿಯ ಮೈಮೇಲಿನ ಗುರುತು ನೋಡಿ ಯಾವುದು ಕಚ್ಚಿದ್ದೆಂದು ಹೇಳುವುದರಲ್ಲಿ ಮಡಂತ್ಯಾರಿನ ಆಚೀಚೆ ನನಗೊಂದು ಹೆಸರಿತ್ತು. ಮನೆಯಲ್ಲಿ ಯಾವಾಗಲೂ ನಾಯಿ ಇದ್ದುದರಿಂದ ಕಲಿತದ್ದು, ಅಷ್ಟೆ. ಉಣುಗು ಕಿವಿಯೊಳಗೆ, ಬೆರಳಿನ ಸಂದಿನಲ್ಲಿ ಕಚ್ಚಿಕೊಂಡಿರುತ್ತದೆ. ಕಿತ್ತ ಮೇಲೆ ಸಣ್ಣ ಗಂಟು ಉಳಿಯುತ್ತದೆ. ಚಿಗಟವಾದರೆ ಬಾಲದ ಬುಡದಲ್ಲಿ ಕೆಂಪು ಚುಕ್ಕೆ. ಕಣಜ ಹೊಡೆದರೆ ಮೂತಿ ಒಂದು ಬದಿಗೆ ಊದುತ್ತದೆ. ಮರದ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ, ನಮ್ಮ ಚಗಳಿ, ಕಚ್ಚಿದರೆ ಕೂದಲಿಲ್ಲದ ಹೊಟ್ಟೆಯ ಮೇಲೆ ಬಿಡಿಬಿಡಿ ದದ್ದು; ಮೂಗು ಹತ್ತಿರ ತಂದರೆ ಹುಳಿ ವಾಸನೆ. ಇಷ್ಟು ಗೊತ್ತಿದ್ದವನಾದ್ದರಿಂದಲೇ ಅಂದು ನಾನು ಆಡಿದ ಮಾತನ್ನು ಯಾರೂ ಎರಡನೇ ಸಲ ಕೇಳಲಿಲ್ಲ.

ಮರಿ ನನ್ನದಲ್ಲ, ಹೆಂಡತಿಯದು. ಮೂಡುಬಿದಿರೆಯ ತಂಗಿಯ ಮನೆಯಿಂದ ಸೆರಗಿನೊಳಗೆ ಅಡಗಿಸಿಕೊಂಡು ಬಸ್ಸಿನಲ್ಲಿ ತಂದಿದ್ದಳು. ಕಂಡಕ್ಟರ್ "ಅಮ್ಮ, ನಿಮ್ಮ ಹೊಟ್ಟೆ ಬೊಗಳ್ತಾ ಉಂಟಲ್ಲ" ಎಂದದ್ದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಕಂದು ಬಣ್ಣದ ಮರಿ, ಎರಡು ತಿಂಗಳು ತುಂಬಿತ್ತೋ ಇಲ್ಲವೋ. ಅವಳು ಹೋದಲ್ಲೆಲ್ಲ ಅದು, ಅವಳಿಲ್ಲದಾಗ ನನ್ನ ಕಾಲಿನ ಬುಡದಲ್ಲಿ.

ನಮಗೆ ಸ್ವಲ್ಪ ರಬ್ಬರ್ ಉಂಟು. ಮರ ಕೆತ್ತಿ ಹಾಲಿಳಿಸುವ ಟ್ಯಾಪಿಂಗಿಗೆ ಪಕ್ಕದ ಮನೆಯ ಹೆಂಗಸು ಬರುತ್ತಾಳೆ. ಅವಳು ಹಾಲು ತಂದಿಟ್ಟ ಮೇಲೆ ಕೊಟ್ಟಿಗೆಯಲ್ಲಿ ಅದನ್ನು ಸೋಸಿ, ಅಲ್ಯೂಮಿನಿಯಂ ಡಿಶ್ಶುಗಳಿಗೆ ಹೊಯ್ದು, ಹೆಪ್ಪುಗಟ್ಟಿ ಶೀಟಾಗಲು ಆಸಿಡ್ ನೀರು ಬೆರೆಸುವುದು ನನ್ನ ಕೆಲಸ. ಆಸಿಡ್ಡನ್ನು ನೀರಿಗೆ ಹಾಕಬೇಕು. ನಾನು ಮಗ್ಗಿಗೆ ಮೊದಲು ಆಸಿಡ್ ಸುರಿದು ಆಮೇಲೆ ನಲ್ಲಿ ಬಿಡುತ್ತಿದ್ದೆ. "ಒಂದು ದಿನ ಯಾರ ಮೈಮೇಲಾದರೂ ಬೀಳ್ತದೆ" ಎಂದು ಹೆಂಡತಿ ಹೇಳಿದ್ದಳು. "ನಿನ್ನ ತಲೆಗೂದಲಷ್ಟು ಶೀಟು ಮಾಡಿದ್ದೇನೆ ಮಾರಾಯ್ತಿ, ನನಗೆ ಕಲಿಸಬೇಡ" ಎಂದಿದ್ದೆ.

ಅಂದು ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಮಗ್ಗಿನಲ್ಲಿ ಆಸಿಡ್ ಇತ್ತು, ನೀರು ಇನ್ನೂ ಕಾಲು ಭಾಗವೂ ಆಗಿರಲಿಲ್ಲ. ಹಿಂದೆ ಸದ್ದಾಯಿತು. ಮರಿ ಮುಂಗಾಲು ಊರಿ ಡಿಶ್ಶೊಂದನ್ನು ಮಗುಚಿತ್ತು. ಹಾಲು ನೆಲಕ್ಕೆ ಹರಿಯುತ್ತಿತ್ತು, ಅದು ನೆಕ್ಕುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಕೈಯಲ್ಲಿದ್ದುದನ್ನು ಎರಚಿದೆ.

ಕೈ ತಪ್ಪಿತೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಕೈ ತಪ್ಪಿರಲಿಲ್ಲ. ಮಗ್ಗಿನಲ್ಲಿ ಏನಿದೆಯೆಂಬುದೂ ಗೊತ್ತಿತ್ತು.

ಅದು ಕಿರುಚಿದ ಸ್ವರಕ್ಕೆ ಅಡುಗೆಮನೆಯಿಂದ ಹೆಂಡತಿಯೂ ಅಲ್ಲಿ ಚಾ ಕುಡಿಯುತ್ತಿದ್ದ ಟ್ಯಾಪಿಂಗ್ ಹೆಂಗಸೂ ಓಡಿ ಬಂದರು. ಮರಿ ಮುಖವನ್ನು ಮಣ್ಣಿಗೆ ಉಜ್ಜುತ್ತಾ ಸುತ್ತು ಹೊಡೆಯುತ್ತಿತ್ತು.

"ಏನಾಯ್ತು ಇವರೇ? ಏನಾಯ್ತು ಇದಕ್ಕೆ?"

ನಾಲಗೆಯಲ್ಲಿ ಬಂದದ್ದು ಒಂದೇ ಶಬ್ದ. "ಚಗಳಿ."

ಕೊಟ್ಟಿಗೆಯ ಪಕ್ಕದ ಗೇರುಮರದಲ್ಲಿ ಚಗಳಿ ಗೂಡು ಇದ್ದದ್ದು ನಿಜ. ಟ್ಯಾಪಿಂಗ್ ಹೆಂಗಸು ಮರಿಯನ್ನು ಎತ್ತಿ ಮೂಸಿದಳು. ಆಸಿಡ್ಡೆಂದು ಗುರುತಿಸಿಬಿಡುತ್ತಾಳೆ ಎಂದುಕೊಂಡೆ. ದಿನವೂ ಆಸಿಡ್ ಕೊಟ್ಟಿಗೆಗೆ ಬರುವವಳು. "ಹೌದು ಅಕ್ಕ, ಚಗಳಿಯದ್ದೇ ವಾಸನೆ" ಎಂದಳು. ರಬ್ಬರಿಗೆ ಹಾಕುವ ಈ ಆಸಿಡ್ ಇರುವೆಯ ಮೈಯಲ್ಲಿರುವುದೇ ಎಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು ಹೇಳಿಕೊಟ್ಟಿದ್ದರು. ಕಲಿತ ವಿದ್ಯೆ ಆ ಹೊತ್ತಿಗೆ ನನ್ನ ಕಡೆಗೆ ನಿಂತಿತು.

ನೀರಿನ ತೊಟ್ಟಿ ಹತ್ತು ಹೆಜ್ಜೆ ದೂರದಲ್ಲಿತ್ತು. ಕೂಡಲೇ ತೊಳೆಯಬೇಕೆಂದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಆದರೆ ಚಗಳಿ ಕಚ್ಚಿದ್ದಕ್ಕೆ ಯಾರೂ ಕೊಡಗಟ್ಟಲೆ ನೀರು ಹೊಯ್ಯುವುದಿಲ್ಲ. ಹೊಯ್ದರೆ ಯಾಕೆಂದು ಕೇಳುತ್ತಿದ್ದರು. ಸುಮ್ಮನೆ ನಿಂತೆ.

ಹೆಂಡತಿ ತೆಂಗಿನೆಣ್ಣೆಗೆ ಅರಸಿನ ಕಲಸಿ ತಂದಳು. ಮರಿಯನ್ನು ಮಡಿಲಲ್ಲಿಟ್ಟು ತಲೆಗೆ, ಕೆನ್ನೆಗೆ, ಕಣ್ಣಿನ ಸುತ್ತಲೂ ಬೆರಳಿನಿಂದ ಮೆಲ್ಲಗೆ ತಿಕ್ಕಿದಳು. "ಆಯ್ತು ಮಗಾ, ಆಯ್ತು, ಈಗ ತಂಪಾಗ್ತದೆ." ತಿಕ್ಕಿದಷ್ಟೂ ಅದು ಒದ್ದಾಡಿತು. ಟ್ಯಾಪಿಂಗ್ ಹೆಂಗಸು ಒಣ ತೆಂಗಿನ ಗರಿಗೆ ಬೆಂಕಿ ಹಚ್ಚಿ ಗೇರುಮರದ ಗೂಡಿಗೆ ಹಿಡಿದಳು. "ಇನ್ನು ಕಚ್ಚಿ ನೋಡುವ!" ಚಗಳಿಗಳು ಚಟಚಟ ಎಂದು ಉದುರಿದವು. ಅದನ್ನೂ ನೋಡುತ್ತಾ ನಿಂತೆ.

ಊಟದ ಹೊತ್ತಿಗೆ ಮರಿಯ ಬಲಗಣ್ಣು ಬೆಳ್ಳಗಾಗಿತ್ತು. ಕೆನ್ನೆಯ ಕೂದಲು ಹೆಂಡತಿಯ ಕೈಗೆ ಅಂಟಿ ಬಂತು. ಅವಳು ನನ್ನನ್ನು ನೋಡಿದಳು.

"ಚಗಳಿಗೆ ಹೀಗೆ ಆಗ್ತದಾ?"

"ಮರಿಯಲ್ವಾ. ಚರ್ಮ ಎಳತು."

ಅವಳು ಸೀರೆ ಕೂಡ ಬದಲಿಸದೆ ರಿಕ್ಷಾ ಕರೆಸಿದಳು. ಬೆಳ್ತಂಗಡಿಯವರೆಗೂ ಮರಿ ಅವಳ ಮಡಿಲಲ್ಲಿ ನಡುಗುತ್ತಿತ್ತು. ಪ್ರತಿ ತಿರುವಿನಲ್ಲೂ ಈಗ ಹೇಳುತ್ತೇನೆ ಎಂದುಕೊಂಡೆ. ತಿರುವು ದಾಟುತ್ತಿತ್ತು. ಡಾಕ್ಟರರೇ ಕಂಡುಹಿಡಿದರೆ ನಾನು ಹೇಳುವುದು ತಪ್ಪುತ್ತದೆ, ಕಂಡುಹಿಡಿಯದಿದ್ದರೂ ತಪ್ಪುತ್ತದೆ ಎಂದು ಒಳಗೇ ಲೆಕ್ಕ ಹಾಕುತ್ತಿದ್ದೆ.

ಪಶು ಆಸ್ಪತ್ರೆಯ ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ಮರಿಯನ್ನು ಬೆಳಕಿಗೆ ತಿರುಗಿಸಿ ಎಣ್ಣೆ ಒರೆಸಿದರು.

"ಏನು ಕಚ್ಚಿದ್ದು ಅಜ್ಜ?"

"ಚಗಳಿ."

"ಕಚ್ಚಿದ್ದಾದರೆ ಬಿಡಿಬಿಡಿ ದದ್ದು ಕಾಣ್ತದೆ. ಹೊಟ್ಟೆಯಲ್ಲಿ ಒಂದೂ ಇಲ್ಲ. ಇದು ನೋಡಿ, ನೆತ್ತಿಯಿಂದ ಕೆನ್ನೆಗೆ ಇಳಿದಿದೆ, ನೀರು ಹರಿದ ಹಾಗೆ." ಆ ಗೆರೆಗಳನ್ನು ನಾನು ಅವರಿಗಿಂತ ಮೊದಲೇ ನೋಡಿದ್ದೆ. ಅವರು ಒಮ್ಮೆ ಮೂಸಿದರು. "ನಿಮ್ಮಲ್ಲಿ ರಬ್ಬರ್ ಉಂಟಾ?"

"ಉಂಟು. ಆದರೆ ನಾವು ಹಾಲನ್ನೇ ಮಾರುವುದು. ಶೀಟು ಮಾಡುವುದಿಲ್ಲ."

ಹೆಂಡತಿ ನನ್ನ ಪಕ್ಕದಲ್ಲೇ ಇದ್ದಳು. ಅವಳು ನನ್ನ ಮುಖ ನೋಡಲಿಲ್ಲ. ಮರಿಯ ಕಾಲು ಹಿಡಿದಿದ್ದ ಕೈ ಸಡಿಲಾಯಿತು, ಮತ್ತೆ ಬಿಗಿಯಾಯಿತು.

"ಶೀಟು ಮಾಡ್ತೇವೆ ಡಾಕ್ಟ್ರೇ" ಎಂದಳು. "ಇವರೇ ಮಾಡುವುದು."

ಡಾಕ್ಟರು ನಲ್ಲಿ ತಿರುಗಿಸಿದರು. ಮರಿಯ ತಲೆಯನ್ನು ನೀರಿನ ಕೆಳಗೆ ಹಿಡಿದು ತೊಳೆದರು, ತೊಳೆಯುತ್ತಲೇ ಇದ್ದರು. ಕೊನೆಗೆ ಹೆಂಡತಿಗೆ ಹೇಳಿದರು: "ಆದ ಕೂಡಲೇ ನೀರು ಹೊಯ್ದಿದ್ದರೆ ಕಣ್ಣು ಉಳಿಯುವ ಸಾಧ್ಯತೆ ಇತ್ತು."

ಕಣ್ಣು ಉಳಿಯಲಿಲ್ಲ. ಜೀವ ಉಳಿಯಿತು.

ಹಿಂದೆ ಬರುವಾಗ ರಿಕ್ಷಾದಲ್ಲಿ ಹೆಂಡತಿಗೆ ಅರ್ಧ ಹೇಳಿದೆ: ಕೈ ತಪ್ಪಿ ಬಿತ್ತು, ನಿನ್ನ ಬಾಯಿಗೆ ಹೆದರಿ ಸುಳ್ಳು ಹೇಳಿದೆ. ಅವಳು ನಂಬಿದಳು. ಕೇಳಿದವರಿಗೆ ಅವಳೇ "ಕೈ ತಪ್ಪಿದ್ದು, ಪ್ರಾಯ ಆಯ್ತಲ್ಲ" ಎಂದು ನನ್ನ ಮಾನ ಕಾಯ್ದಳು. ಅದು ಬೈಗಳಕ್ಕಿಂತ ಕಷ್ಟವಾಗಿತ್ತು.

ಗುಟ್ಟು ಬಿಟ್ಟುಕೊಟ್ಟದ್ದು ನಾಯಿಯೇ. ಅದೀಗ ಬೆಳೆದಿದೆ. ನಾನು ಅನ್ನ ಹಾಕಿದರೆ ತಿನ್ನುತ್ತದೆ, ತಲೆ ಸವರಲು ಬಿಡುತ್ತದೆ. ಕಾಲು ತೊಳೆಯಲು ಮಗ್ಗು ಎತ್ತಿದೆನೆಂದರೆ ಬಾವಿಯ ಆಚೆ ಓಡಿ ಉಳಿದ ಒಂದು ಕಣ್ಣಿನಲ್ಲಿ ನನ್ನನ್ನೇ ನೋಡುತ್ತದೆ. ಹೆಂಡತಿ ಮಗ್ಗು ಎತ್ತಿದರೆ ಕದಲುವುದಿಲ್ಲ. ಒಂದು ಸಂಜೆ ಅವಳು ಕೇಳಿದಳು.

"ಕೈ ತಪ್ಪಿ ಬಿದ್ದದ್ದಾದರೆ, ನಿಮ್ಮ ಕೈಗೆ ಅದು ಯಾಕೆ ಹೆದರ್ತದೆ?"

ಮಗ್ಗು ಕೆಳಗಿಟ್ಟು ಎಲ್ಲ ಹೇಳಿದೆ. ಎರಚಿದ್ದು, ಗೊತ್ತಿದ್ದೇ ಎರಚಿದ್ದು, ತೊಟ್ಟಿ ಹತ್ತಿರವಿದ್ದದ್ದು.

ಅವಳು ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಂಡಳು. "ಎಣ್ಣೆ ನಾನು ತಿಕ್ಕಿದ್ದು" ಎಂದಳು. "ಅದು ಕೂಗ್ತಾ ಇತ್ತು. ನಾನು ತಿಕ್ಕುವುದನ್ನು ನೀವು ನೋಡ್ತಾ ಇದ್ದಿರಿ." ಮತ್ತೆ ಆ ವಿಷಯ ಎತ್ತಲಿಲ್ಲ. ಊಟ ಬಡಿಸುತ್ತಾಳೆ, ಮಾತ್ರೆ ನೆನಪಿಸುತ್ತಾಳೆ. ಬಸ್ಸಿನ ಕಂಡಕ್ಟರನ ಮಾತನ್ನು ಈಗ ಯಾರಿಗೂ ಹೇಳುವುದಿಲ್ಲ.

ಮೊನ್ನೆ ಕೆಳಗಿನ ಮನೆಯವರು ತಮ್ಮ ಮರಿಯನ್ನು ಹೊತ್ತು ತಂದರು. "ಒಮ್ಮೆ ನೋಡಿ ಅಣ್ಣ, ಏನು ಕಚ್ಚಿದ್ದು?" ಹೊಟ್ಟೆಯ ಮೇಲೆ ಬಿಡಿಬಿಡಿ ದದ್ದು, ಹುಳಿ ವಾಸನೆ. ಗೇರುಮರದಲ್ಲಿ ಗೂಡು ಪುನಃ ಆಗಿದೆ. ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದ ಹೆಂಡತಿಯ ಕೈ ನಿಂತಿತು. ನಾನು ಏನು ಹೇಳುತ್ತೇನೆಂದು ಅವಳು ಕಾಯುತ್ತಿದ್ದಳು.

"ನನ್ನ ಮಾತು ನಂಬಿ ಕೂರಬೇಡಿ" ಎಂದೆ. "ಮೊದಲು ತೊಳೆಯಿರಿ. ಆಮೇಲೆ ಡಾಕ್ಟರಿಗೆ ತೋರಿಸುವ."

ಅವಳೇ ಎದ್ದು ನೀರು ತಂದಳು. ಮಗ್ಗನ್ನು ನನ್ನ ಕೈಗೆ ಕೊಡಲಿಲ್ಲ.